ಕಲ್ಲಿಗೆ ಕೊಟ್ಟ ಹೆಸರು

ಸರಕ್... ಸರಕ್... ಎಂದು ಏನೋ ಗೀಚುವ ಸಣ್ಣ ಸದ್ದಿಗೆ ನನಗೆ ಎಚ್ಚರವಾಯಿತು. ಎಚ್ಚರವಾಯಿತು ಎನ್ನುವುದೂ ಸರಿಯಲ್ಲ. ಕುರ್ಚಿಯಲ್ಲಿ ಕೂತು ನಿದ್ದೆ ಹೋಗುವ ಜಾಯಮಾನ ನನ್ನದಲ್ಲ. ಇಲಿ ಇರಬೇಕೆಂದು ಮೊದಲು ಕಾಲು ಮೇಲೆತ್ತಿಕೊಂಡೆ. ಆಮೇಲೆ ಎದ್ದು ಗ್ಯಾಸ್ ನೋಡಿದೆ, ಬಾಗಿಲ ಚಿಲಕ ನೋಡಿದೆ. ಕೆಳಗಿನ ಸೈಕಲ್ ಅಂಗಡಿ ಮುಚ್ಚಿ ಎಷ್ಟೋ ಹೊತ್ತಾಗಿತ್ತು, ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಸದ್ದು ಬರುತ್ತಿದ್ದುದು ಹಾಸಿಗೆಯಿಂದ, ನಾನು ರಾತ್ರಿ ನೋಡಿಕೊಳ್ಳುತ್ತಿದ್ದ ನಮ್ಮ ಹಳೆಯ ಟೀಚರ್ ಮಲಗಿದ್ದ ಕಡೆಯಿಂದ. ಬೀದಿದೀಪದ ಬೆಳಕಿನಲ್ಲಿ ನೋಡಿದೆ: ಟೀಚರ್ ಕಣ್ಣು ಮುಚ್ಚಿಕೊಂಡೇ ಹೊದಿಕೆಯ ಮೇಲೆ ಹೆಬ್ಬೆರಳಿನ ಉಗುರಿನಿಂದ ಗೆರೆ ಎಳೆಯುತ್ತಿದ್ದರು. ಉದ್ದಕ್ಕೊಂದು ನೇರ ಗೆರೆ, ಅದರ ತುದಿಗೆ ಬಾಗಿದ ಇನ್ನೊಂದು. ಆಮೇಲೆ ಎರಡು ಬೆರಳನ್ನು ಕತ್ತರಿಯಂತೆ ಆಡಿಸುತ್ತ ಆ ಗೆರೆಯ ಗುಂಟ ಸಾಗಿದರು.

"ಏನು ಮಾಡ್ತಿದ್ದೀರಿ ಟೀಚರ್?"

"ತೋಳು ಕತ್ತರಿಸ್ತಿದ್ದೀನಿ. ಬಟ್ಟೆ ಕಮ್ಮಿ ಇದೆ, ಮಾತಾಡಿಸ್ಬೇಡ."

ನನಗೆ ನಗು ಬಂತು. ಜ್ವರದ ಮಾತು ಅಂದುಕೊಂಡೆ. ಟೀಚರಿಗೆ ಸೂಜಿಗೆ ದಾರ ಪೋಣಿಸಲೂ ಬಾರದು ಎನ್ನುವುದು ನಮ್ಮ ಇಡೀ ಶಾಲೆಗೆ ಗೊತ್ತಿದ್ದ ವಿಷಯ. ಹೊಲಿಗೆ ಕಲಿಸುವವರು ಹೆರಿಗೆ ರಜೆಗೆ ಹೋದಾಗ ಹೆಡ್‌ಮಾಸ್ಟರು ಆ ತರಗತಿಯನ್ನು ಇವರಿಗೆ ಒಪ್ಪಿಸಲು ಬಂದಿದ್ದರು. ಯಾವ ಕೆಲಸಕ್ಕೂ ಆಗುವುದಿಲ್ಲ ಎನ್ನದ ಟೀಚರ್ ಅಂದು ಮಾತ್ರ ಮುಖ ಬಿಳಿಚಿಕೊಂಡು, "ಬೇಕಾದ್ರೆ ಕಸ ಗುಡಿಸ್ತೀನಿ ಸಾರ್, ಸೂಜಿ ಮಾತ್ರ ಕೊಡ್ಬೇಡಿ" ಎಂದುಬಿಟ್ಟಿದ್ದರು. ಅವರ ಅಂಗಿಯ ಗುಂಡಿ ಕಿತ್ತುಹೋದರೆ ಪಿನ್ನು ಚುಚ್ಚಿಕೊಂಡು ಬರುತ್ತಿದ್ದರು. ನಾವು ಹುಡುಗಿಯರು ಸರದಿಯ ಮೇಲೆ ಗುಂಡಿ ಹಾಕಿಕೊಡುತ್ತಿದ್ದೆವು. "ಇಷ್ಟೂ ಬರಲ್ವಾ ಟೀಚರ್ ನಿಮಗೆ?" ಎಂದು ಹಲ್ಲು ಕಿರಿದರೆ, "ದೇವರು ಎಲ್ಲಾನೂ ನನಗೇ ಕೊಟ್ಟುಬಿಟ್ರೆ ನಿಮಗೇನು ಉಳೀತದೆ?" ಎನ್ನುತ್ತಿದ್ದರು.

ಅವರು ಗಡಿಯಾಚೆಯಿಂದ, ಯುದ್ಧದ ಕಾಲದಲ್ಲಿ, ಉಟ್ಟ ಬಟ್ಟೆಯಲ್ಲಿ ಬಂದವರು. ತಮ್ಮ ಊರಿನಲ್ಲಿ ಶಿಕ್ಷಕಿಯಾಗಿದ್ದರಂತೆ. ಇಲ್ಲಿ ಅವರ ಪ್ರಮಾಣಪತ್ರ ಮೇಜಿನಿಂದ ಮೇಜಿಗೆ ಅಲೆಯುತ್ತಿದ್ದಷ್ಟು ಕಾಲವೂ ಬಸ್ ಡಿಪೋ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆದರು. ನಮ್ಮ ಭಾಷೆಯನ್ನು ಬಸ್ಸಿನ ಬೋರ್ಡು ನೋಡಿ, ಡ್ರೈವರುಗಳ ಬೈಗುಳ ಕೇಳಿ ಕಲಿತರು. ಶಾಲೆಗೆ ಸೇರಿದ ಹೊಸತರಲ್ಲಿ ಒಬ್ಬ ಹುಡುಗನನ್ನು ಅಕ್ಕರೆಯಿಂದ ಕರೆಯಲು ಹೋಗಿ, ಡಿಪೋದಲ್ಲಿ ಕಂಡಕ್ಟರಿಗೆ ಬಳಸುವ ಮಾತನ್ನು ಆಡಿಬಿಟ್ಟಿದ್ದರು. ಅವನ ತಾಯಿ ಜಗಳಕ್ಕೆ ಬಂದು, ಟೀಚರ್ ಅರ್ಥ ತಿಳಿದು ಕೆನ್ನೆಗೆ ಹೊಡೆದುಕೊಂಡದ್ದನ್ನು ನೋಡಿ ನಗುತ್ತ ವಾಪಸು ಹೋದಳು.

ನಮಗೆ ಅವರು ಗಣಿತ, ಚರಿತ್ರೆ ಎರಡನ್ನೂ ಹೇಳುತ್ತಿದ್ದರು. ಅವರ ರೀತಿಯೇ ಬೇರೆ. ಪಾಠದಾಚೆಯ ಪ್ರಶ್ನೆ ಕೇಳಿದರೆ ಬೇರೆ ಮೇಷ್ಟರುಗಳು ಗದರುತ್ತಿದ್ದರು, ಇಲ್ಲವೇ ಬಾಯಿಗೆ ಬಂದದ್ದು ಹೇಳುತ್ತಿದ್ದರು. ಇವರು ಮಾತ್ರ ಸೀಮೆಸುಣ್ಣ ಕೆಳಗಿಟ್ಟು, "ಗೊತ್ತಿಲ್ಲ. ನಾಳೆ ಹೇಳ್ತೀನಿ" ಎನ್ನುತ್ತಿದ್ದರು. ಮಾರನೆಯ ದಿನ ಕಣ್ಣು ಕೆಂಪಗೆ ಮಾಡಿಕೊಂಡು ಬಂದು, ಹೇಳಿಯೇ ಹೇಳುತ್ತಿದ್ದರು. ದೊಡ್ಡವರೊಬ್ಬರು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದನ್ನು ನಾವು ಕಂಡದ್ದೇ ಆ ಕ್ಲಾಸಿನಲ್ಲಿ. ಗೊತ್ತಿದ್ದೂ ನಮ್ಮ ಕುತೂಹಲ ಬೆಳೆಯಲಿ ಎಂದು ಹಾಗೆ ಮಾಡುತ್ತಾರೆ ಎಂದುಕೊಂಡಿದ್ದೆವು. ನಾನು ಅದೇ ಶಾಲೆಯಲ್ಲಿ ಶಿಕ್ಷಕಿಯಾದ ಮೇಲೆ ಆ ಪದ್ಧತಿಯನ್ನೇ ಹಿಡಿದೆ. ತರಬೇತಿಗೆ ಬಂದ ಹೊಸಬರಿಗೆ ಅದರ ಬಗ್ಗೆ ಭಾಷಣವನ್ನೂ ಮಾಡಿದ್ದೇನೆ.

"ಗುಬ್ಬಿ, ದೀಪ ಹಾಕು," ಎಂದರು ಟೀಚರ್. ಕ್ಲಾಸಿನಲ್ಲಿ ಯಾವಾಗಲೂ ಕತ್ತು ಹೊರಳಿಸಿ ಬಾಗಿಲು, ಕಿಟಕಿ ನೋಡುತ್ತಿದ್ದೆನೆಂದು ಅವರೇ ಇಟ್ಟ ಹೆಸರು ಅದು. ದೀಪ ಹಾಕಿದೆ. ಕಣ್ಣು ತಿಳಿಯಾಗಿತ್ತು. ಜ್ವರದ ಮಾತಲ್ಲ ಎಂದು ಆಗ ಗೊತ್ತಾಯಿತು.

"ನನ್ನ ಕೈ ನೋಡಿದ್ಯಲ್ಲ ಈಗ?"

"ನೋಡಿದೆ."

"ಅದು ಟೀಚರ್ ಕೈ ಅಲ್ಲ. ಟೀಚರ್ ಆಗಿದ್ದವಳು ನನ್ನ ಅಕ್ಕ. ನಾನು ಅವಳ ಮನೇಲಿ ಕೂತು ಊರಿನ ಮಕ್ಕಳಿಗೆ ಯೂನಿಫಾರಂ ಹೊಲೀತಿದ್ದೆ."

ಅವರು ಹೇಳುತ್ತ ಹೋದರು, ನಡುನಡುವೆ ಉಸಿರಿಗೆ ನಿಲ್ಲುತ್ತ. ಗಡಿ ದಾಟಿದ ಮೇಲೆ ಒಂದು ಲಾರಿ ಶೆಡ್ಡಿನಲ್ಲಿ ಎಲ್ಲರನ್ನೂ ಕೂಡಿಹಾಕಿದ್ದರಂತೆ. ಅಕ್ಕನಿಗೆ ಜ್ವರ. ಬೆಳಗಾದರೆ ಮೇಜಿನ ಮುಂದೆ ನಿಲ್ಲಬೇಕು. ಓದಿದವರಿಗೆ, ದಾದಿಯರಿಗೆ, ಶಿಕ್ಷಕರಿಗೆ ಊರೊಳಗೆ ಬರಲು ಪರವಾನಗಿ, ಉಳಿದವರು ಗಡಿಯ ಶಿಬಿರಕ್ಕೆ. ಶಿಬಿರದಲ್ಲಿ ಹೆಂಗಸರಿಗೆ ಏನಾಗುತ್ತದೆ ಎನ್ನುವುದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಬೆಳಗಾಗುವ ಮುಂಚೆ ಅಕ್ಕ ಹೋದಳು.

"ಮುಖ ಒಂದೇ ಥರ ಇತ್ತು ನಮ್ಮಿಬ್ಬರದೂ. ಅವಳ ಕಾಗದ ನನ್ನ ಕೈಲಿತ್ತು. ಮೇಜಿನವನು, ಸತ್ತವಳು ಯಾರು ಅಂದ. ತಂಗಿ ಅಂದೆ. ಹೆಸರು ಅಂದ. ನನ್ನ ಹೆಸರು ಹೇಳಿದೆ. ಅವನು ಬರ್ಕೊಂಡ. ಅಷ್ಟೇ ಗುಬ್ಬಿ. ಒಂದು ಗುಂಡಿ ಹಾಕೋಷ್ಟು ಹೊತ್ತೂ ಆಗ್ಲಿಲ್ಲ."

"ಮತ್ತೆ ಪಾಠ... ಅಷ್ಟೆಲ್ಲ ಪಾಠ?"

"ಪ್ರತಿ ರಾತ್ರಿ ಓದ್ತಿದ್ದೆ. ನಿಮಗಿಂತ ಒಂದು ಪುಟ ಮುಂದೆ ಇರ್ತಿದ್ದೆ, ಅದಕ್ಕಿಂತ ಹೆಚ್ಚಿಗೆ ಯಾವತ್ತೂ ಇರ್ಲಿಲ್ಲ. ಗೊತ್ತಿಲ್ಲ ಅಂದ್ರೆ ನಿಜವಾಗ್ಲೂ ಗೊತ್ತಿಲ್ಲ ಅಂತಲೇ. ನೀವೆಲ್ಲ ಅದಕ್ಕೆ ಏನೇನೋ ಅರ್ಥ ಕಟ್ಟಿದ್ರಿ. ನನಗೆ ಒಳಗೊಳಗೇ ನಗು, ಒಳಗೊಳಗೇ ಅಳು."

ಅವರು ನಗಲು ಹೋಗಿ ಕೆಮ್ಮಿದರು. ನೀರು ಕುಡಿಸಿದೆ. ಆಗ ಅವರು ತಮ್ಮ ಹೆಸರು ಹೇಳಿದರು. ಅವರ ಬಾಯಲ್ಲಿ ಅದು ಹೊಸ ಪದದ ಹಾಗೆ ಇತ್ತು. ಎರಡನೆಯ ಸಲ ಹೇಳುವಾಗಲೇ ಸರಿಯಾಗಿ ಹೊರಟದ್ದು.

"ಕಲ್ಲಿನ ಮೇಲೆ ಇದನ್ನ ಹಾಕ್ಸು. ಅಕ್ಕನ ಹೆಸರನ್ನ ಬದುಕಿರೋವರೆಗೂ ಉಟ್ಟು ಸವೆಸಿದ್ದೀನಿ, ಮಣ್ಣಿಗೂ ಅದನ್ನೇ ಹೊದ್ಕೊಂಡು ಹೋಗೋಕೆ ನನ್ನಿಂದಾಗಲ್ಲ. ನಾನು ಅಲ್ಲಿ, ಅಕ್ಕನ್ನ ಹೂತ ಆ ಗುಂಡೀಲಿ, ಹತ್ತು ಜನರ ಜೊತೆ ಸತ್ತು ಬಿದ್ದಿದ್ದೀನಿ, ಇನ್ನೂ ಯಾರೂ ಎತ್ತಿಲ್ಲ. ಹಾಕಿಸ್ತೀಯಾ?"

"ಹಾಕಿಸ್ತೀನಿ," ಎಂದೆ. ಸಾಯುವವರಿಗೆ ಇನ್ನೇನು ಹೇಳಲು ಸಾಧ್ಯ?

ಟೀಚರ್ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡರು. ಆಮೇಲೆ, "ಗುಂಡಿಯಮ್ಮ ಗೊತ್ತಲ್ಲ?" ಎಂದರು.

ಯಾರಿಗೆ ಗೊತ್ತಿಲ್ಲ? ಮಾರುಕಟ್ಟೆಯ ಮೂಲೆಯಲ್ಲಿ ಗುಂಡಿ, ದಾರ, ಲೇಸು ಮಾರುವ ಮುದುಕಿ. ಅವಳೂ ಆ ಕಡೆಯಿಂದಲೇ ಬಂದವಳು, ಟೀಚರ್ ಊರಿನವಳೇ. ಅವಳು ಎದುರಾದರೆ ಟೀಚರ್ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದರು. ನಾವೇ ಮಾತಾಡಿಕೊಂಡಿದ್ದೆವು: ಎಷ್ಟಾದರೂ ಓದಿದವರಲ್ಲವೇ, ತಮ್ಮವರಲ್ಲೂ ಮೇಲು ಕೀಳು ನೋಡುತ್ತಾರೆ ಎಂದು.

"ಅವಳ ಮಗಳು ಅಕ್ಕನ ಕ್ಲಾಸಿನಲ್ಲಿದ್ಲು. ಓಡಿ ಬರೋವಾಗ ದಾರೀಲಿ ಹೋಯ್ತು ಮಗು. ಆ ತಾಯಿ ಕಂಡಾಗೆಲ್ಲ ಕೇಳ್ತಿದ್ಲು: ನನ್ನ ಮಗಳು ಕ್ಲಾಸಲ್ಲಿ ಹೇಗಿದ್ಲು ಟೀಚರ್, ಏನಾದ್ರೂ ಒಂದು ಹೇಳಿ. ನಾನು ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂತ ಓಡಿಹೋಗ್ತಿದ್ದೆ. ಆ ಮಗು ನನಗೆ ಗೊತ್ತು ಗುಬ್ಬಿ. ಅಳತೆ ತಗೊಂಡಿದ್ದೀನಿ. ಎಡ ಭುಜ ಒಂಚೂರು ಕೆಳಗಿತ್ತು. ಟೇಪು ಕಂಕುಳಿಗೆ ತಾಗಿದ್ರೆ ಕಚಗುಳಿ ಆಗ್ತದೆ ಅಂತ ಬಿದ್ದು ಬಿದ್ದು ನಗ್ತಿತ್ತು. ಆದ್ರೆ ಟೀಚರಿಗೆ ಮಗುವಿನ ಭುಜದ ಅಳತೆ ಹೇಗೆ ಗೊತ್ತಿರತ್ತೆ? ಹೇಳು, ಹೇಗೆ ಗೊತ್ತಿರತ್ತೆ?"

ಅದಾದ ಮೇಲೆ ಅವರು ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ಎರಡು ಮೂರು ದಿನ ಉಸಿರು ಎಳೆದರು, ಮಧ್ಯಾಹ್ನ ಎಲ್ಲರೂ ಟೀ ಕುಡಿಯಲು ಕೆಳಗೆ ಇಳಿದಾಗ ಹೋದರು.

*

ಅಂತ್ಯಕ್ರಿಯೆಯ ಏರ್ಪಾಡೆಲ್ಲ ನೋಡಿಕೊಂಡವನು ಗಡಿಯಾರ. ನನ್ನ ಸಹಪಾಠಿ. ಅವನು ಕ್ಲಾಸಿಗೆ ಬಂದನೆಂದರೆ ಪೀರಿಯಡ್ ಮುಗಿಯಿತೆಂದು ಅರ್ಥ, ಅದಕ್ಕೇ ಟೀಚರ್ ಇಟ್ಟ ಹೆಸರು. ಈಗ ಅವನದು ಟೈಲ್ಸ್ ಅಂಗಡಿ. ನೂರು ಜನಕ್ಕೆ ಫೋನು ಮಾಡಿದ, ಹಳೆಯ ವಿದ್ಯಾರ್ಥಿಗಳನ್ನೆಲ್ಲ ಸೇರಿಸಿದ. ಮಣ್ಣು ಮಾಡುವಾಗ ಎಲ್ಲರಿಗಿಂತ ಗಟ್ಟಿಯಾಗಿ ಅತ್ತ.

ಮಾರನೆಯ ವಾರ ಕಲ್ಲಿನ ವಿಷಯ ಮಾತಾಡಲು ಅವನ ಅಂಗಡಿಗೆ ಹೋದೆ. ರಾತ್ರಿಯೆಲ್ಲ ಮಾತುಗಳನ್ನು ಜೋಡಿಸಿ, ಒಡೆದು, ಮತ್ತೆ ಜೋಡಿಸಿಕೊಂಡು ಹೋಗಿದ್ದೆ.

"ಒಂದು ಮಾತು ಕೇಳ್ತೀನಿ, ಸುಮ್ಮನೆ," ಎಂದೆ. "ಈ ಆ ಕಡೆಯಿಂದ ಬಂದೋರ ಕಾಗದದಲ್ಲಿ ಹೆಸರು ಹೆಚ್ಚುಕಮ್ಮಿ ಆಗಿರತ್ತಲ್ಲ..."

"ಯಾರದು?" ಅವನು ಕತ್ತೆತ್ತಿದ.

"ಯಾರದೂ ಅಲ್ಲ. ಸುಮ್ಮನೆ."

"ಸುಮ್ಮನೆ ಕೇಳೋ ಜಾತಿ ಅಲ್ಲ ನೀನು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋಳು ನೀನು, ಅದೂ ಬೇರೆಯವರ ಕುಂಬಳಕಾಯಿಗೆ." ಅವನು ನಕ್ಕ. ಆಮೇಲೆ ದನಿ ತಗ್ಗಿಸಿದ. "ನೋಡು, ಈಗ ಅಂಥ ಮಾತು ಬಾಯಿ ತಪ್ಪಿಯೂ ಆಡ್ಬೇಡ. ಆ ಕಡೆಯಿಂದ ಬಂದೋರ ಕಾಗದ ತನಿಖೆ ಮಾಡೋಕೆ ಅಂತ್ಲೇ ಹೊಸ ಕಚೇರಿ ಮಾಡಿದ್ದಾರೆ, ಹಳೇ ಕಡತ ಎಲ್ಲ ತೆಗೀತಿದ್ದಾರೆ. ಒಂದು ಕಾಗದ ಸುಳ್ಳು ಅಂದ್ರೆ ಅದನ್ನ ನಂಬಿ ಕೊಟ್ಟ ಕಾಗದ ಎಲ್ಲಾ ಸುಳ್ಳು, ಎಲ್ಲರನ್ನೂ ವಾಪಸು ಗಡಿಗೆ ಅಟ್ತಾರೆ. ನಿನ್ನ ಸ್ಕೂಲಿನ ಸೈನ್ಸ್ ಟೀಚರ್ ಇದ್ದಾಳಲ್ಲ, ಎರಡು ಮಕ್ಕಳ ತಾಯಿ? ಅವಳಿಗೆ 'ಇವರು ನನಗೆ ಗೊತ್ತು' ಅಂತ ಸಹಿ ಹಾಕಿದ್ದು ನಮ್ಮ ಟೀಚರ್. ಡಿಪೋ ಹಿಂದಿನ ಓಣೀಲಿ ಅರ್ಧಕ್ಕರ್ಧ ಜನ ಆ ಸಹಿ ಮೇಲೇ ನಿಂತಿದ್ದಾರೆ."

"ಗೊತ್ತು."

"ಗೊತ್ತಿದ್ರೆ ಬಾಯಿಗೆ ಬೀಗ ಹಾಕು. ಕಲ್ಲಿನ ಮೇಲೆ ಏನು ಬರೆಸೋಣ? 'ಆದರ್ಶ ಶಿಕ್ಷಕಿ' ಅಂತ ಹಾಕೋಣ್ವಾ?"

"ಬರೀ ಹೆಸರು ಸಾಕು," ಎಂದೆ.

ಮನೆಗೆ ನಡೆಯುತ್ತ ಒಂದು ಉಪಾಯ ಹೊಳೆಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಸಮಾಧಿಯ ಕಲ್ಲಿಗೆ ಬುಡ ಅಂತ ಒಂದಿರುತ್ತದೆ. ಮೊಣಕಾಲುದ್ದ ಮಣ್ಣಿನೊಳಗೆ ಹೋಗುವ, ಯಾರ ಕಣ್ಣಿಗೂ ಬೀಳದ ಭಾಗ. ಮೇಲೆ ಅಕ್ಕನ ಹೆಸರಿರಲಿ. ಬುಡದಲ್ಲಿ ತಂಗಿಯ ಹೆಸರು ಕೆತ್ತಿಸಿದರೆ ಕೊಟ್ಟ ಮಾತೂ ಉಳಿಯುತ್ತದೆ. ಕಲ್ಲುಕುಟಿಗನಿಗೆ ಫೋನು ಮಾಡಿದೆ. ಬುಡದಲ್ಲಿ ಒಂದು ಪದ ಕೆತ್ತಬೇಕು, ಏನೆಂದು ಎದುರಿಗೇ ಹೇಳುತ್ತೇನೆ ಎಂದೆ. "ಮಣ್ಣೊಳಗೆ ಯಾರು ಓದ್ತಾರೆ ಮೇಡಂ, ಎರೆಹುಳಾನಾ?" ಎಂದು ಕೇಳಿದ. ಆದರೆ ಒಪ್ಪಿಕೊಂಡ. ಆ ರಾತ್ರಿ, ಎಷ್ಟೋ ದಿನದ ಮೇಲೆ, ನನಗೆ ನಿದ್ದೆ ಬಂತು. ಗಂಡ ಬೆಳಿಗ್ಗೆ, "ಏನು, ಇವತ್ತು ಚಿಲಕ ಮೂರು ಸಲ ನೋಡಲಿಲ್ಲ?" ಎಂದು ಛೇಡಿಸಿದರು.

*

ಕಲ್ಲುಕುಟಿಗನ ಅಂಗಳ ಸ್ಮಶಾನದ ಹಿಂದಿನ ರಸ್ತೆಯಲ್ಲಿದೆ. ತಗಡಿನ ಸೂರು, ಅದರ ಕೆಳಗೆ ಗೋಡೆಗೆ ಒರಗಿಸಿಟ್ಟ ಹೆಸರಿಲ್ಲದ ಕಲ್ಲುಗಳು, ಎಲ್ಲದರ ಮೇಲೂ ಬಿಳಿ ಹುಡಿ. ಅವನ ಹುಬ್ಬು, ರೆಪ್ಪೆ, ಚಹಾ ಲೋಟದ ಅಂಚು ಕೂಡ ಬೆಳ್ಳಗೆ. ನಮ್ಮ ಕಲ್ಲನ್ನು ಮರದ ದಿಮ್ಮಿಗಳ ಮೇಲೆ ಅಂಗಾತ ಮಲಗಿಸಿ, ಮೇಲಿನ ಹೆಸರಿಗೆ ಪೆನ್ಸಿಲಿನಲ್ಲಿ ಗೆರೆ ಹಾಕಿಕೊಂಡಿದ್ದ. ಸಂಜೆಗೆ ಗಾಡಿ ಬರುವುದಿತ್ತು.

ಕಲ್ಲಿನ ಪಕ್ಕದಲ್ಲಿ, ತಲೆಕೆಳಗಾದ ಬಕೆಟ್ಟಿನ ಮೇಲೆ, ಗುಂಡಿಯಮ್ಮ ಕೂತಿದ್ದಳು.

ನನ್ನ ಕಾಲು ಅಲ್ಲೇ ನಿಂತಿತು. ಮಾರುಕಟ್ಟೆ ಬಿಟ್ಟು ಇಲ್ಲಿಗೆ ಯಾಕೆ ಬಂದಳು? ಯಾರು ಹೇಳಿದರು? ಮನಸ್ಸು ಎಲ್ಲ ಬಾಗಿಲನ್ನೂ ಒಮ್ಮೆಲೇ ತಟ್ಟತೊಡಗಿತು.

"ಬಾಮ್ಮ, ಕೂತ್ಕೋ," ಎಂದಳು, ತನ್ನ ಮನೆಯೇ ಎಂಬಂತೆ. "ಬೆಳಿಗ್ಗೆಯಿಂದ ಇಲ್ಲೇ ಇದೀನಿ. ಟೀಚರ್ ಹೆಸರು ಕೆತ್ತೋದನ್ನ ನೋಡ್ಬೇಕು ಅನ್ನಿಸ್ತು."

"ಬೆಳಿಗ್ಗೆಯಿಂದ ನನ್ನ ಕೆಲಸ ನಿಂತಿದೆ," ಎಂದ ಕಲ್ಲುಕುಟಿಗ. "ಒಂದೊಂದು ಅಕ್ಷರಕ್ಕೂ, ಸರಿಯಾಗಿದೆಯಾ ಸರಿಯಾಗಿದೆಯಾ ಅಂತಾಳೆ. ಅಜ್ಜಿ, ಇದು ಗುಂಡಿ ಅಲ್ಲ ಬಿಚ್ಚಿ ಮತ್ತೆ ಹಾಕೋಕೆ."

"ಅದಕ್ಕೇ ಕಣೋ ಕೇಳೋದು. ತಪ್ಪಾದ್ರೆ ನಿನ್ನ ತಲೆ ಮೇಲೆ ಕೆತ್ತಲಾ?"

ಅವನು ನಕ್ಕು ಉಳಿ ಹುಡುಕಲು ಒಳಗೆ ಹೋದ. ಮುದುಕಿ ನನ್ನ ಕಡೆಗೆ ಬಾಗಿದಳು. ಅವಳ ಮಡಿಲಲ್ಲಿ ಗುಂಡಿಗಳ ಡಬ್ಬಿ ಇತ್ತು, ಅದನ್ನು ಎರಡು ಕೈಯಲ್ಲೂ ಹಿಡಿದಿದ್ದಳು.

"ನನ್ನ ಮಗಳಿಗೆ ಪಾಠ ಹೇಳಿದೋರು ಅವರು. ನಾನು ಅಲ್ಲಿ ಅವರ ಮುಖ ಕಂಡವಳಲ್ಲ, ನನಗೆ ಹೊತ್ತು ಹುಟ್ಟಿದ್ರೆ ಮಿಲ್ಲು. ಮಗಳು ಹೇಳ್ತಿದ್ಲು, ಟೀಚರ್ ಅಂದ್ರೆ ಹೆದರಿಕೆ ಅಂತ. ಸ್ಕೂಲಲ್ಲಿ ಬಾಯೇ ಬಿಡ್ತಿರಲಿಲ್ಲವಂತೆ ನನ್ನ ಕೂಸು. ನಗೋದು ಅಂದ್ರೆ ಮನೇಲಿ, ಇಲ್ಲಾ ಟೀಚರ್ ತಂಗಿ ಒಬ್ಬಳಿದ್ಲು, ಬಟ್ಟೆ ಹೊಲಿಯೋಳು, ಅವಳ ಹತ್ರ. ಮನೆಗೆ ಬಂದ್ರೆ ಅವಳ ಹೆಸರೇ ಹೆಸರು." ಅವಳು ಆ ಹೆಸರು ಹೇಳಿದಳು. ಸಲೀಸಾಗಿ, ಸ್ಪಷ್ಟವಾಗಿ, ಮೊದಲ ಸಲಕ್ಕೇ ಹೇಳಿದಳು. "ಅವಳೂ ದಾರೀಲೇ ಹೋದ್ಲಂತೆ, ಪಾಪ. ಅವಳಿಗೊಂದು ಕಲ್ಲೂ ಇಲ್ಲ, ನನ್ನ ಮಗಳಿಗೂ ಇಲ್ಲ."

ನಾನು ಕಲ್ಲಿನ ಕಡೆ ನೋಡುತ್ತಿದ್ದೆ.

"ನೀನು ಕೊನೇವರೆಗೂ ಹತ್ತಿರ ಇದ್ದೆಯಂತೆ. ನನ್ನ ಮಗಳ ಬಗ್ಗೆ ಏನಾದ್ರೂ ಹೇಳಿದ್ರಾ ಅವರು? ನಾಳೆ ಹೇಳ್ತೀನಿ ಅಂದಿದ್ರು. ಒಂದು ಮಾತು ಸಾಕು. ಕೊನೇ ಬೆಂಚಲ್ಲಿ ಕೂರ್ತಿದ್ಲು ಅಂದ್ರೂ ಸಾಕು."

ಬಾಯಿ ತೆರೆದೆ. ಅಳತೆ ಕೊಡುವಾಗ ಬಿದ್ದು ಬಿದ್ದು ನಗುತ್ತಿದ್ದಳು ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆ ಮಾತು ಈ ಭೂಮಿಯ ಮೇಲೆ ಈಗ ನನ್ನೊಬ್ಬಳಲ್ಲೇ ಇದೆ, ಅದು ಸೇರಬೇಕಾದ ಜಾಗ ನನ್ನೆದುರಿಗೇ ಬಕೆಟ್ಟಿನ ಮೇಲೆ ಕೂತಿದೆ. ಆದರೆ ನಗುವೆಂದರೆ ಅದು ಹೊಲಿಯುವವಳ ಹತ್ತಿರದ ನಗು. ಭುಜವೆಂದರೆ ಟೇಪು. ಒಂದು ಎಳೆ ಹಿಡಿದು ಎಳೆದರೆ ಇಡೀ ಅಂಚೇ ಬಿಚ್ಚಿಕೊಳ್ಳುತ್ತದೆ. ಈ ಮುದುಕಿ ನಾಳೆ ಮಾರುಕಟ್ಟೆಯಲ್ಲಿ ಒಬ್ಬರ ಮುಂದೆ ಅಳುತ್ತಾಳೆ. ಆ ಒಬ್ಬರು ಇನ್ನೊಬ್ಬರಿಗೆ ಹೇಳುತ್ತಾರೆ. ಸೈನ್ಸ್ ಟೀಚರಿನ ಎರಡು ಮಕ್ಕಳು ಶಾಲೆಯ ಗೇಟಿನಲ್ಲಿ ನಿಂತಿರುವುದು ಕಣ್ಣ ಮುಂದೆ ಬಂತು. ಸುಳ್ಳನ್ನಾದರೂ ಹೇಳೋಣವೇ, ಕೊನೇ ಬೆಂಚು ಅಂತಲೇ? ಅದೂ ಬರಲಿಲ್ಲ. ಮಗುವನ್ನು ಕಂಡೇ ಇರದ ನಾನು ಅವಳನ್ನು ಯಾವುದೋ ಬೆಂಚಿನ ಮೇಲೆ ಕೂರಿಸುವುದು ಹೇಗೆ?

"ಕೊನೆಗೆ ಮಾತಾಡೋ ಸ್ಥಿತೀಲಿ ಇರ್ಲಿಲ್ಲಮ್ಮ," ಎಂದೆ.

ಅವಳು ತಲೆಯಾಡಿಸಿದಳು. ಬಹಳ ಹೊತ್ತು ತಲೆಯಾಡಿಸುತ್ತಲೇ ಇದ್ದಳು.

ಕಲ್ಲುಕುಟಿಗ ಉಳಿ, ಸುತ್ತಿಗೆ ಹಿಡಿದು ಬಂದ. "ಮೇಡಂ, ಬುಡದಲ್ಲಿ ಏನೋ ಒಂದು ಪದ ಅಂದಿದ್ರಲ್ಲ ಫೋನಲ್ಲಿ. ಹೇಳಿಬಿಡಿ, ಮೊದಲು ಅದನ್ನೇ ಕೆತ್ತಿಬಿಡ್ತೀನಿ. ಕಲ್ಲಿಗೆ ರಬ್ಬರ್ ಇಲ್ಲ, ಬಿಡಿಸಿ ಬಿಡಿಸಿ ಹೇಳಿ."

ಮುದುಕಿ ತಲೆಯೆತ್ತಿದಳು. "ಬುಡದಲ್ಲಾ? ಏನದು?"

ಅವಳಿಗೆ ಓದಲು ಬರುತ್ತಿತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಕಿವಿಯಂತೂ ಇತ್ತು. ಅವಳು ಎದ್ದು ಹೋಗುವವರೆಗೆ ಕಾಯಬಹುದೇ ಎಂದು ರಸ್ತೆಯ ಕಡೆ ನೋಡಿದೆ. ಅವಳು ಡಬ್ಬಿಯನ್ನು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಕಲ್ಲಿಗೆ ಇನ್ನಷ್ಟು ಹತ್ತಿರ ಸರಿದು ಕೂತಳು. ಗಾಡಿ ಬರುವವರೆಗೂ ಏಳುವುದಿಲ್ಲ ಎನ್ನುವುದು ನೋಡಿದರೇ ಗೊತ್ತಾಗುತ್ತಿತ್ತು.

"ಏನೂ ಬೇಡ," ಎಂದೆ. "ಮೇಲಿನ ಹೆಸರೊಂದೇ ಸಾಕು."

"ಸರಿ ಹಾಗಾದ್ರೆ. ಎರೆಹುಳಕ್ಕೂ ಓದೋ ಕಷ್ಟ ತಪ್ಪಿತು," ಎಂದು ಅವನು ಉಳಿಯನ್ನು ಮೊದಲ ಅಕ್ಷರದ ಮೇಲಿಟ್ಟ.

ಗುಂಡಿಯಮ್ಮ ಹಾರಿಬಂದ ಕಲ್ಲಿನ ಹುಡಿಯನ್ನು ತನ್ನ ಅಂಗೈಯಿಂದ ಒರೆಸುತ್ತ, ಪ್ರತಿ ಅಕ್ಷರವನ್ನೂ ಗಟ್ಟಿಯಾಗಿ ಹೇಳುತ್ತ ಹೋದಳು. ನಾನು ಪಕ್ಕದಲ್ಲಿ ನಿಂತು ಹೌದು, ಹೌದು ಎಂದೆ. ಗಡಿಯಾರನಿಗೆ ಹೇಳುವುದಿಲ್ಲ. ಗಂಡನಿಗೆ ಹೇಳುವುದಿಲ್ಲ. ಈ ತಾಯಿಗಂತೂ ಹೇಳುವುದಿಲ್ಲ. ಇಷ್ಟೆಲ್ಲ ಬರೆದರೂ ತಂಗಿಯ ಆ ಹೆಸರನ್ನು ಇಲ್ಲಿ ಬರೆದಿಲ್ಲ, ಬರೆಯುವುದೂ ಇಲ್ಲ.